ಒಂದೇ ಪಂಕ್ತಿಯಲ್ಲಿ ಎರಡು ಆಮೆಗಳು

ಕಳೆದ ಭಾನುವಾರ ಬದಿಯಡ್ಕದ ಹತ್ತಿರ ಒಂದು ಸಭಾಭವನದಲ್ಲಿ ಮದುವೆಯ ಊಟಕ್ಕೆ ಕುಳಿತಿದ್ದೆ. ಪಾಯಸದ ಬಕೆಟ್ಟು ಹಿಡಿದುಕೊಂಡು ಬಂದವನು ನನ್ನ ಎಲೆಯ ಎದುರು ಬಗ್ಗಿ, ಸೌಟನ್ನು ಬಕೆಟ್ಟಿನೊಳಗೇ ಬಿಟ್ಟು, "ಶುಗರ್ ಉಂಟಾ?" ಎಂದು ಕೇಳಿದ. ನನಗೆ ಸಕ್ಕರೆ ಕಾಯಿಲೆ ಇಲ್ಲ. ಆದರೆ ತಲೆ ನರೆತು ಹೊಟ್ಟೆ ಮುಂದೆ ಬಂದವರನ್ನು ಕಂಡರೆ ಬಡಿಸುವವರಿಗೆ ಹಾಗೆ ಅನ್ನಿಸುವುದು ಸಹಜ, ಅವನನ್ನು ದೂರಲಾರೆ. ಪಕ್ಕದವರು "ಉಂಟು" ಎಂದರು, ಅವರ ಎಲೆಗೆ ಪಾಯಸ ಬೀಳಲಿಲ್ಲ. ನನ್ನ ಎಲೆಗೆ ಬಿತ್ತು. ಬಿಸಿ ಬೆಲ್ಲ ಮತ್ತು ಏಲಕ್ಕಿಯ ಪರಿಮಳ ಮೂಗಿಗೆ ಬಂತು, ಅದರ ಬೆನ್ನಿಗೇ ವಾಸು ಮಾವನ ನೆನಪೂ ಬಂತು. ನೀವು ಅವರನ್ನು ನೋಡಿದವರಲ್ಲ, ಆದ್ದರಿಂದ ಸ್ವಲ್ಪ ಹೇಳಬೇಕು.

ವಾಸು ಮಾವ ನನ್ನ ಅಮ್ಮನ ತಮ್ಮ. ಮದುವೆ, ಉಪನಯನ, ಮನೆ ಒಕ್ಕಲು ಎಂದರೆ ನಮ್ಮ ಸುತ್ತಿನಲ್ಲಿ ಅವರದೇ ಅಡಿಗೆ. ಅವರ ಸಿಹಿ-ಖಾರದ ಮೆಣಸ್ಕಾಯಿ ಗೊಜ್ಜಿಗಾಗಿ ಕರೆಯದ ಮದುವೆಗೂ ಹೋದವರುಂಟು; ಆ ಪೈಕಿ ಒಬ್ಬನ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ, ಅವನು ಈಗ ಪಂಚಾಯತು ಆಫೀಸಿನ ಗುಮಾಸ್ತನಾಗಿ ಮರ್ಯಾದೆಯಿಂದ ಬದುಕುತ್ತಿದ್ದು ಈ ಪ್ರಬಂಧವನ್ನೂ ಬರೆಯುತ್ತಿದ್ದಾನೆ. ಮಾವನಿಗೆ ಅಡಿಗೆಗಿಂತ ಬಡಿಸುವುದರಲ್ಲಿ ಹೆಚ್ಚು ಕಟ್ಟುನಿಟ್ಟು. ಒಮ್ಮೆ ಅವರ ಕಡೆಯವನೊಬ್ಬ ಪಂಕ್ತಿಯ ತಲೆಯಲ್ಲಿ ಕುಳಿತ ಧಣಿಗಳಿಗೆ ಎರಡನೆಯ ಸಲ ತುಪ್ಪ ಹಾಕಿ, ಉಳಿದವರನ್ನು ಬಿಟ್ಟು ಬಂದ. ಮಾವ ತುಪ್ಪದ ಗಿಂಡಿಯನ್ನು ಅವನ ಕೈಯಿಂದ ತೆಗೆದುಕೊಂಡು, ಕೊನೆಯ ಎಲೆಯಿಂದ ಶುರುಮಾಡಿ ಅಷ್ಟೂ ಜನಕ್ಕೆ ತಾವೇ ಬಡಿಸಿದರು. ತುಪ್ಪ ಮುಗಿಯಿತು, ಮನೆಯವರ ಮುಖ ಹುಳಿಯಾಯಿತು. "ಎಲೆಯ ಎದುರು ಕೂತ ಮೇಲೆ ಎಲ್ಲರದ್ದೂ ಒಂದೇ ಹೊಟ್ಟೆ. ಪಂಕ್ತಿಭೇದ ಮಾಡಿದವನಿಗೆ ನರಕದಲ್ಲಿ ಸಹ ಎಲೆ ಹಾಕುವುದಿಲ್ಲ" ಎಂದರು.

ಈ ಹಟಕ್ಕೆ ಇನ್ನೊಂದು ಕಾರಣ ಶಾರದತ್ತೆ, ಅಂದರೆ ಅವರ ಹೆಂಡತಿ. ಅತ್ತೆಗೆ ಸಣ್ಣದರಲ್ಲಿಯೇ ತಂದೆ ತಾಯಿ ಇಬ್ಬರೂ ಹೋಗಿದ್ದರು. ಯಾರದೋ ದೂರದ ಸಂಬಂಧದ ಮನೆಯಲ್ಲಿ ಬೆಳೆದರು. ಆ ಮನೆಯಲ್ಲಿ ಮಕ್ಕಳೆಲ್ಲ ಸಾಲಾಗಿ ಕೂತರೆ ಈ ಹುಡುಗಿಗೆ ಅಡಿಗೆಮನೆಯ ಬಾಗಿಲ ಹತ್ತಿರ ಬೇರೆ ಎಲೆ. ಬೇರೆಯವರಿಗೆ ಮೊಸರು ಬಂದರೆ ಇವಳಿಗೆ ನೀರುಮಜ್ಜಿಗೆ. ಮದುವೆಯಾಗಿ ಬಂದ ದಿನ ಅತ್ತೆ ಅಭ್ಯಾಸಬಲದಿಂದ ಬಾಗಿಲ ಹತ್ತಿರವೇ ಕೂತರಂತೆ. ಮಾವ ಎಲೆಯನ್ನು ಎತ್ತಿ ತಂದು ತಮ್ಮ ಪಕ್ಕದಲ್ಲಿ ಹಾಸಿ, "ಈ ಮನೆಯಲ್ಲಿ ನಿನಗೆ ಬೇರೆ ಎಲೆ ಇಲ್ಲ" ಎಂದರಂತೆ. ಇದನ್ನು ಅತ್ತೆ ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಪ್ರತಿ ಸಲವೂ ಹೇಳಿ ಮುಗಿಸಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಮಕ್ಕಳಾಗಲಿಲ್ಲ, ಇಬ್ಬರೇ. ಎರಡು ಎಲೆ, ಒಂದೇ ಅಡಿಗೆ, ಒಟ್ಟಿಗೇ ಊಟ.

ಎರಡು ಸಾವಿರದ ನಾಲ್ಕೋ ಐದೋ ಇಸವಿ ಇರಬೇಕು. ಮಂಜೇಶ್ವರದಲ್ಲಿ ಗಲ್ಫಿನಲ್ಲಿದ್ದವರೊಬ್ಬರ ಮನೆ ಒಕ್ಕಲು. ಅಡಿಗೆಗೆ ಮಾವ, ತರಕಾರಿ ಹೆಚ್ಚಲಿಕ್ಕೆ ಅತ್ತೆ, ಊಟಕ್ಕೆ ನಾನು. ಊಟ ಮುಗಿದ ಮೇಲೆ ಮನೆಯ ಯಜಮಾನರು ಬಚ್ಚಲಿನಿಂದ ಒಂದು ಪ್ಲಾಸ್ಟಿಕ್ ಟಬ್ಬು ತಂದು ಮಾವನ ಎದುರು ಇಟ್ಟರು. ಅದರಲ್ಲಿ ಎರಡು ಆಮೆ. ನಮ್ಮ ಬಾವಿಗಳಿಗೆ ಬಿಡುವ ಜಾತಿಯಲ್ಲ, ಎಲ್ಲಿಂದಲೋ ಬಂದದ್ದು. ಒಂದು ಒಡೆದ ತೆಂಗಿನ ಗಡಿಯಷ್ಟು ದೊಡ್ಡದು, ಬೆನ್ನ ಮೇಲೆ ಹಳದಿ ಗೆರೆಗಳು, ಮುದುಕರ ಕತ್ತಿನಂಥ ಕತ್ತು. ಇನ್ನೊಂದು ನಶ್ಯದ ಡಬ್ಬಿಯ ಮುಚ್ಚಳದಷ್ಟು. "ನಾವು ಮುಂದಿನ ವಾರ ವಾಪಸ್ ಹೋಗುವುದು, ಮನೆಗೆ ಬೀಗ. ಮಕ್ಕಳ ಹುಚ್ಚಿಗೆ ತಂದದ್ದು ಭಟ್ರೇ, ಯಾರಾದರೂ ಸಾಕುವವರಿದ್ದರೆ ಹೇಳಿ" ಎಂದರು. ಮಾವ ಇಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯ ಅಂಗೈ ಮೇಲೆ ಸಣ್ಣದು ಕೂತಾಗಿತ್ತು.

ದೊಡ್ಡದಕ್ಕೆ ಅಜ್ಜ ಎಂದೂ ಸಣ್ಣದಕ್ಕೆ ಪುಳ್ಳಿ ಎಂದೂ ಹೆಸರಾಯಿತು. ಪುಳ್ಳಿ ಎಂದರೆ ನಮ್ಮಲ್ಲಿ ಮೊಮ್ಮಗು. ಮಕ್ಕಳಿಲ್ಲದ ಮನೆಗೆ ನೇರವಾಗಿ ಮೊಮ್ಮಗು ಬಂದದ್ದನ್ನು ನಾನು ತಮಾಷೆ ಮಾಡಿದೆ, ಅತ್ತೆ ನಗಲಿಲ್ಲ. ಹಿತ್ತಲಿನಲ್ಲಿ ಬಾವಿಗೆ ಇಳಿಸಿ ಮಿಕ್ಕಿದ ಸಿಮೆಂಟಿನ ರಿಂಗ್ ಒಂದು ಬಿದ್ದಿತ್ತು. ಅದರೊಳಗೆ ಮಣ್ಣು, ತರಗೆಲೆ ತುಂಬಿಸಿ, ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ಮೇಲೆ ತೆಂಗಿನ ಮಡಲಿನ ತಟ್ಟಿ ಮುಚ್ಚಿದರು. ಆಮೆಗಳಿಗೆ ತಂಪೂ ಆಯಿತು, ಕಾಗೆ ನಾಯಿಗಳ ಭಯವೂ ತಪ್ಪಿತು.

ಈ ಜಾತಿಯ ವಿಶೇಷ ಏನೆಂದರೆ ಹೊಟ್ಟೆಯ ಕಡೆಯ ಚಿಪ್ಪಿಗೆ ನಡುವೆ ಬಾಗಿಲಿನ ಬಿಜಾಗರಿಯ ಹಾಗೆ ಒಂದು ಮಡಿಕೆ. ಹೆದರಿಕೆಯಾದರೆ ಅಜ್ಜ ತಲೆ, ಕೈಕಾಲು ಎಲ್ಲ ಒಳಗೆ ಎಳೆದುಕೊಂಡು ಆ ಚಿಪ್ಪನ್ನು ಮೇಲೆತ್ತಿ ಪೆಟ್ಟಿಗೆಯಂತೆ ಮುಚ್ಚಿಬಿಡುತ್ತಿತ್ತು. ಸಂದಿಯಲ್ಲಿ ಒಂದು ಹುಲ್ಲುಕಡ್ಡಿ ತೂರಿಸುವುದಕ್ಕೂ ಆಗದು. ಪುಳ್ಳಿಗೆ ಇನ್ನೂ ಅದು ಬಂದಿರಲಿಲ್ಲ. ಮರಿಗಳಿಗೆ ಹುಟ್ಟುವಾಗಲೇ ಬಾಗಿಲು ಇರುವುದಿಲ್ಲ, ಬೆಳೆಯುತ್ತ ಕೆಲವು ವರ್ಷಗಳಲ್ಲಿ ಬರುತ್ತದೆ ಎಂದು ಆ ಗಲ್ಫಿನವರು ಹೇಳಿದ್ದರು. ಅತ್ತೆ ದಿನಾ ಸಂಜೆ ಪುಳ್ಳಿಯನ್ನು ಮಡಿಲಲ್ಲಿಟ್ಟು ಬೆರಳಿನಿಂದ ಮೆಲ್ಲ ತಟ್ಟಿ ನೋಡುತ್ತಿದ್ದರು. ಅದು ತಲೆ ಒಳಗೆ ಎಳೆದುಕೊಳ್ಳುತ್ತಿತ್ತು, ಅಷ್ಟೇ. "ಇದು ಒಮ್ಮೆ ಬಾಗಿಲು ಹಾಕುವುದನ್ನು ನೋಡಬೇಕು ಮಾರಾಯ. ಅಲ್ಲಿಗೆ ನನ್ನ ಕೆಲಸ ಮುಗಿಯಿತು" ಎನ್ನುತ್ತಿದ್ದರು.

ಊಟದ ಜವಾಬ್ದಾರಿ ಮಾವನದು. ಇನ್ನೇನು ಹೇಳಲಿ, ಅವರು ಆಮೆಗಳಿಗೂ ಪಂಕ್ತಿ ಹಾಕಿದರು. ಬಾಳೆಲೆಯ ಎರಡು ತುಂಡು, ಒಂದರ ಪಕ್ಕ ಒಂದು. ಪಪ್ಪಾಯಿ, ಸೌತೆಯ ತಿರುಳು, ಬಸಳೆ ಸೊಪ್ಪು, ದಾಸವಾಳದ ಹೂ, ಬೇಯಿಸಿದ ಚೀನಿಕಾಯಿ, ಒಂದು ಮುದ್ದೆ ಅನ್ನ. ಅನುಪ್ಪತ್ಯದ, ಅಂದರೆ ಎಲ್ಲಿಯಾದರೂ ಸಮಾರಂಭದ ಊಟವಾದ, ಮರುದಿನವಾದರೆ ಹೋಳಿಗೆಯ ತುಂಡು. ಒಂದರ ಎಲೆಗೆ ಬಿದ್ದದ್ದು ಇನ್ನೊಂದರ ಎಲೆಗೂ ಬೀಳಬೇಕು. "ಸಣ್ಣದಕ್ಕೆ ಇದೆಲ್ಲ ಆಗುತ್ತದಾ ಮಾವ?" ಎಂದು ನಾನೊಮ್ಮೆ ಕೇಳಿದೆ. "ಅಜ್ಜ ತಿನ್ನುವುದನ್ನೇ ಪುಳ್ಳಿ ತಿನ್ನುವುದು. ಅದಕ್ಕೆ ಬೇರೆ ಅಡಿಗೆ ಮಾಡಿದರೆ ಅದು ಎಂತ ಗ್ರಹಿಸಬೇಕು?" ಎಂದರು. ಅಜ್ಜ ಉಂಡು ಸುಖವಾಗಿತ್ತು. ಪುಳ್ಳಿ ಎಲ್ಲದರ ಮೇಲೂ ನಡೆದು, ಒಂದಿಷ್ಟು ಕಚ್ಚಿ, ಬಿಟ್ಟು ಹೋಗುತ್ತಿತ್ತು. ಒಮ್ಮೆ ಎಲ್ಲಿಂದಲೋ ಬಂದ ಎರೆಹುಳವನ್ನು ಪುಳ್ಳಿ ಬಾಯಲ್ಲಿ ಹಿಡಿದು ಎಳೆಯುತ್ತಿದ್ದಾಗ ಮಾವ ಅದನ್ನು ಬಿಡಿಸಿ, ಕೈ ತೊಳೆದು, ಆ ಜಾಗಕ್ಕೆ ಪಪ್ಪಾಯಿ ಇಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಗ ನಮಗೆಲ್ಲ ನಗು ಬಂದಿತ್ತು.

ಅದೇ ವರ್ಷಗಳಲ್ಲಿ ಅತ್ತೆಯ ಕಾಲು ಬೀಗತೊಡಗಿತು. ಮಂಗಳೂರಿನ ಡಾಕ್ಟರು ರಕ್ತ, ಮೂತ್ರ ಎಲ್ಲ ನೋಡಿ, ಪಿತ್ತದ್ದಲ್ಲ, ವಾಯುವಿನದ್ದಲ್ಲ, ಮೂತ್ರಪಿಂಡ ಸೋಲುತ್ತಿದೆ ಎಂದರು. ಮಾತ್ರೆಗಿಂತ ಪಥ್ಯ ಮುಖ್ಯ ಎಂದರು. ಉಪ್ಪು ಆದಷ್ಟು ಬಿಡಬೇಕು. ಉಪ್ಪಿನಕಾಯಿ, ಹಪ್ಪಳ ಮುಟ್ಟಬಾರದು. ಇಷ್ಟು ಮಾಡಿದರೆ ತುಂಬ ವರ್ಷ ತಳ್ಳಬಹುದು ಎಂದೂ ಹೇಳಿದರು. ಮಾವ ಮನೆಗೆ ಬಂದು ಅಡಿಗೆಮನೆಯಲ್ಲಿ ನಿಂತು, "ಒಂದು ಮನೆಯಲ್ಲಿ ಎರಡು ಸಾರಾ?" ಎಂದು ನನ್ನನ್ನು ಕೇಳಿದರು. ಅತ್ತೆ ಒಳಗಿನಿಂದಲೇ, "ನನಗೆ ಬೇರೆ ಬೇಡ. ಬೇರೆ ಉಂಡದ್ದು ಸಾಕಾಗಿದೆ ನನಗೆ" ಎಂದರು. ಸಾರಿಗೆ ಉಪ್ಪು ಒಂದು ಚಿಟಿಕೆ ಕಡಿಮೆಯಾಯಿತು, ಮತ್ತೇನೂ ಬದಲಾಗಲಿಲ್ಲ. ಎರಡು ಎಲೆಯ ತುದಿಗೂ ಉಪ್ಪಿನಕಾಯಿಯ ಮಾವಿನ ಮಿಡಿ ಬೀಳುತ್ತಲೇ ಇತ್ತು. ಅತ್ತೆಯ ಬದುಕು ಆ ಅಡಿಗೆಮನೆಯ ಕೈಯಲ್ಲಿತ್ತು, ಅದು ನಮಗೆಲ್ಲ ಗೊತ್ತೂ ಇತ್ತು. ಗೊತ್ತಿದ್ದೂ ಅಂಥ ಪ್ರೀತಿಯ ಎದುರು ನಿಂತು ಮಾತಾಡುವುದು ಯಾರಿಗೂ ಆಗುವುದಿಲ್ಲ ನೋಡಿ.

ಒಂದು ದಿನ ಅತ್ತೆ ಪುಳ್ಳಿಯನ್ನು ನನ್ನ ಕೈಗಿತ್ತು, "ಒತ್ತಿ ನೋಡು" ಎಂದರು. ಬೆನ್ನು ಬೆರಳಿಗೆ ತಗ್ಗಿತು. ಹಲಸಿನ ಹಪ್ಪಳ ಅರ್ಧ ಒಣಗಿದಾಗ ಹೇಗೆ ತಗ್ಗುತ್ತದೋ ಹಾಗೆ. ಚಿಪ್ಪು ಒಂದು ಬದಿಗೆ ಸೊಟ್ಟಗೆ ಏರಿತ್ತು, ಹಿಂಗಾಲು ಎಳೆಯುತ್ತಿತ್ತು. ನಾಲ್ಕು ವರ್ಷ ಕಳೆದರೂ ಅಂಗೈ ತುಂಬಿರಲಿಲ್ಲ. ಮಾವ ಬೈರಾಸಿನಲ್ಲಿ ಎರಡನ್ನೂ ಸುತ್ತಿಕೊಂಡು, ನಾನು ಜೊತೆಗೆ, ಮೃಗಾಸ್ಪತ್ರೆಗೆ ಹೋದೆವು. ಅಲ್ಲಿ ದನ, ಆಡುಗಳ ನಡುವೆ ನಮ್ಮ ಸರದಿ ಬಂತು. ಡಾಕ್ಟರು ತೆಂಕಣ ಜಿಲ್ಲೆಯಿಂದ ಬಂದ ಹೆಂಗಸು, ಕನ್ನಡ ಈ ಊರಿನಲ್ಲಿಯೇ ಕಲಿತದ್ದು.

"ಎಂತ ತಿನ್ನಲಿಕ್ಕೆ ಕೊಡುವುದು?" ಎಂದು ಕೇಳಿದರು. ಮಾವ ಮದುವೆಯ ಅಡಿಗೆ ಒಪ್ಪಿಸುವ ಹಾಗೆ ಎಲ್ಲ ಒಪ್ಪಿಸಿದರು.

"ಎರಡಕ್ಕೂ ಅದೇ?"

"ಎರಡಕ್ಕೂ ಅದೇ. ನಾನು ಭೇದ ಮಾಡುವುದಿಲ್ಲ."

ಡಾಕ್ಟರು ಪುಳ್ಳಿಯನ್ನು ಮೇಜಿನ ಮೇಲಿಟ್ಟು ಬೆನ್ನನ್ನು ಒತ್ತಿ ನೋಡಿದರು. "ದೊಡ್ಡದರ ಬೆಳವಣಿಗೆ ಮುಗಿದಿದೆ. ಸೊಪ್ಪು, ಹಣ್ಣು, ಅಣಬೆ, ಅಪರೂಪಕ್ಕೆ ಒಂದು ಹುಳ, ಅದಕ್ಕೆ ಸಾಕು. ಅನ್ನ, ಹೋಳಿಗೆ ಅದಕ್ಕೂ ಬೇಡ. ಸಣ್ಣದು ಬೆಳೆಯುವ ಪ್ರಾಯ ಅಲ್ಲವಾ? ಎರೆಹುಳ, ಬಸವನಹುಳ, ಮಿಡತೆ, ಅದೇ ಅದರ ಮುಖ್ಯ ಊಟ. ಚಿಪ್ಪಿಗೆ ಸುಣ್ಣದ ಅಂಶ ಬೇಕು, ಬಿಸಿಲು ಬೇಕು. ಇದಕ್ಕೆ ಒಂದೂ ಸಿಕ್ಕಲಿಲ್ಲ."

"ಹುಳವಾ? ನಮ್ಮ ಮನೆಯಲ್ಲಿ?"

"ಮನೆ ನಿಮ್ಮದು ಸರಿ. ಹೊಟ್ಟೆ ಅದರದ್ದು."

ಮಾವನಿಗೆ ಯಾರೂ ಹಾಗೆ ಹೇಳಿದ್ದಿಲ್ಲ. ಇನ್ನು ಸರಿಯಾಗುತ್ತದಾ ಎಂದು ಕೇಳಿದರು. ಗಟ್ಟಿಯಾಗಬಹುದು, ಸೊಟ್ಟಾದದ್ದು ನೇರವಾಗುವುದಿಲ್ಲ ಎಂದರು ಡಾಕ್ಟರು. ಆ ಬಾಗಿಲು? ಅವರು ಹೊಟ್ಟೆಯ ಚಿಪ್ಪನ್ನು ಉಗುರಿನಿಂದ ತಡವಿ, ಮೇಲಿನದಕ್ಕೂ ಕೆಳಗಿನದಕ್ಕೂ ಇನ್ನು ಕೂಡಿಬರುವುದು ಕಷ್ಟ ಎಂದರು. ಮಾವ ಆ ಮಾತನ್ನು ಅತ್ತೆಗೆ ಹೇಳಲಿಲ್ಲ. ನನಗೂ ಹೇಳಬೇಡ ಎಂದರು.

ಮರುದಿನದಿಂದ ಊರು ಕಾಣದ್ದನ್ನು ಕಂಡಿತು. ಬೆಳಿಗ್ಗೆ ಜಪ ಮುಗಿಸಿದ ವಾಸು ಭಟ್ಟರು ಬಚ್ಚಲಿನ ನೀರು ಹೋಗುವ ಕಣಿಯಲ್ಲಿ ಕುಕ್ಕರಗಾಲಲ್ಲಿ ಕೂತು ಎರೆಹುಳ ಅಗೆಯುತ್ತಿದ್ದರು. ತೆಂಗಿನ ಗೆರಟೆಯಲ್ಲಿ ಹುಳ ತುಂಬಿಸಿ, ಪುಳ್ಳಿಗೆ ಒಂದೊಂದಾಗಿ ಇಟ್ಟು, ಮತ್ತೆ ಬಾವಿಕಟ್ಟೆಯಲ್ಲಿ ಎರಡನೆಯ ಸ್ನಾನ. "ಭಟ್ರೇ, ಗಾಳ ಹಾಕಲಿಕ್ಕಾ?" ಎಂದು ದಾರಿಯಲ್ಲಿ ಹೋಗುವವರು ಕೇಳಿದರೆ ಇನ್ನೊಂದು ಹುಳಕ್ಕೆ ಕೈ ಹಾಕುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಶಿರಿಯಕ್ಕೆ ಹೋಗುವ ಕೆಲಸ. ಅಲ್ಲಿಯ ಕಡಲ ದಂಡೆಯಲ್ಲಿ ಹಗುರವಾದ ಬಿಳಿಯ ಎಲುಬು ಬಿದ್ದಿರುತ್ತದೆ, ಸಮುದ್ರದ ನೊರೆ ಎನ್ನುತ್ತಾರಲ್ಲ, ಅದು. ಡಾಕ್ಟರು ಹೇಳಿದ ಸುಣ್ಣದ ಅಂಶಕ್ಕೆ ಅದನ್ನು ಕೆರೆದು ಪುಡಿ ಮಾಡಿ, ಹುಳವನ್ನು ಅದರಲ್ಲಿ ಹೊರಳಿಸಿ ಕೊಡಬೇಕಿತ್ತು. ಮಾವ ಹೋಳಿಗೆಯನ್ನು ಹಿಟ್ಟಿನಲ್ಲಿ ಹೊರಳಿಸುವ ಅದೇ ಕೈಯಿಂದ ಎರೆಹುಳವನ್ನು ಹೊರಳಿಸುವುದನ್ನು ನೋಡಿ ನನಗೆ ಮೊದಲ ದಿನ ನಗು ಬಂದಿತ್ತು, ಆಮೇಲೆ ಬರಲಿಲ್ಲ. ಬಿಸಿಲು ಬೀಳಲೆಂದು ಮಡಲಿನ ತಟ್ಟಿಯನ್ನು ಬೆಳಗಿನ ಹೊತ್ತು ತೆಗೆದಿಡುತ್ತಿದ್ದರು. ಪುಳ್ಳಿಯ ಬೆನ್ನು ನಿಜಕ್ಕೂ ಗಟ್ಟಿಯಾಗುತ್ತ ಬಂತು. ಹುಳ ಕಂಡರೆ ಓಡಿ ಬರುತ್ತಿತ್ತು, ಸೊಟ್ಟಗಾಲಿನಲ್ಲಿಯೇ. ಅತ್ತೆ ಅದನ್ನು ಮಡಿಲಲ್ಲಿಟ್ಟು ತಟ್ಟುವುದನ್ನು ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಮಾವ ಪಕ್ಕದ ಊರಿನಲ್ಲಿ ಶ್ರಾದ್ಧದ ಅಡಿಗೆಗೆ ಹೋಗಿದ್ದರು. ಅತ್ತೆ ಹಿಂದಿನ ಜಗಲಿಯಲ್ಲಿ ಬೀಗಿದ ಕಾಲು ಚಾಚಿ ಕೂತಿದ್ದರು. ತಟ್ಟಿ ತೆಗೆದದ್ದು ತೆಗೆದ ಹಾಗೆಯೇ ಇತ್ತು, ಅವರಿಗೆ ಎದ್ದು ಹೋಗಿ ಮುಚ್ಚುವುದಾಗಿರಲಿಲ್ಲ. ಕಾಗೆಗಳು ಬಂದವು. ನಡೆದದ್ದನ್ನು ಸಂಜೆ ಅತ್ತೆಯೇ ನನಗೆ ಹೇಳಿದರು. ಅಜ್ಜ ಒಂದೇ ಸಲಕ್ಕೆ ಮುಚ್ಚಿಕೊಂಡಿತಂತೆ. ಕಾಗೆ ಕುಕ್ಕಿತು, ಉರುಳಿಸಿತು, ಬಿಟ್ಟಿತು. ಪುಳ್ಳಿ ತಲೆ ಒಳಗೆ ಎಳೆದುಕೊಂಡಿತು. ಕೆಳಗಿನ ಚಿಪ್ಪು ಮೇಲೆ ಬಂತು. "ಬಂತು ಮಾರಾಯ, ನಾನು ಕಂಡೆ. ಅರ್ಧ ಬಂತು. ಕೂಡಲಿಲ್ಲ" ಎಂದರು ಅತ್ತೆ. ಉಳಿದ ಸಂದಿ ಕಾಗೆಯ ಕೊಕ್ಕಿಗೆ ಸಾಕಾಯಿತು. ಅತ್ತೆ ಹುಶ್ ಹುಶ್ ಎಂದು ಕೂಗುತ್ತ, ಕೈಗೆ ಸಿಕ್ಕಿದ ಲೋಟ ಎಸೆದು, ಅಂಗಳಕ್ಕೆ ತೆವಳಿ ಹೋಗುವಷ್ಟರಲ್ಲಿ ಮುಗಿದಿತ್ತು. ನಾನು ಹೋದಾಗ ಅವರ ಸೀರೆಯ ತುಂಬ ಮಣ್ಣು. ಎರಡೂ ಆಮೆ ಅವರ ಮಡಿಲಲ್ಲಿದ್ದವು. ಅಜ್ಜ ಇನ್ನೂ ಬಾಗಿಲು ತೆರೆದಿರಲಿಲ್ಲ.

ಮಾವ ಬಂದು ಅತ್ತೆಯ ಮಡಿಲಿನಿಂದ ಪುಳ್ಳಿಯನ್ನು ಎತ್ತಿಕೊಂಡರು. ದಾಸವಾಳದ ಬುಡದಲ್ಲಿ ಹುಗಿದರು, ಸ್ನಾನ ಮಾಡಿದರು, ಒಲೆ ಹಚ್ಚಿದರು. ಆ ದಿನ ಒಲೆಯ ಮೇಲೆ ಎರಡು ಪಾತ್ರೆ ಕೂತವು. ಒಂದು ಸಾರಿಗೆ ಉಪ್ಪು, ಒಂದಕ್ಕೆ ಇಲ್ಲ. ಅತ್ತೆಯ ಎಲೆಗೆ ಉಪ್ಪಿಲ್ಲದ್ದು ಬಡಿಸಿದರು. ಮಿಡಿ ಇಲ್ಲ, ಹಪ್ಪಳ ಇಲ್ಲ.

ಅತ್ತೆ ಎಲೆಯನ್ನು ನೋಡಿದರು, ಮಾವನ ಎಲೆಯನ್ನು ನೋಡಿದರು. "ನನ್ನ ಎಲೆ ಬೇರೆ ಮಾಡಿದಿರಾ?" ಎಂದರು. ಅಷ್ಟೇ. ಎಲೆ ಮಡಚಲಿಲ್ಲ, ಉಣ್ಣಲೂ ಇಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ನಾನು ನೀರಿನ ಲೋಟವನ್ನು ನೋಡುತ್ತ ಕೂತೆ, ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು. ಮಾವ ತಮ್ಮ ಎಲೆಯಲ್ಲಿದ್ದುದನ್ನು ಹಾಗೆಯೇ ಎತ್ತಿಕೊಂಡು ಹೋಗಿ ತೆಂಗಿನ ಬುಡಕ್ಕೆ ಹಾಕಿದರು, ಉಪ್ಪು ಹಾಕಿದ ಸಾರಿನ ಪಾತ್ರೆಯನ್ನೂ ಅಲ್ಲಿಯೇ ಬಗ್ಗಿಸಿದರು. ಹೊಸ ಎಲೆ ಹಾಕಿಕೊಂಡು ಅತ್ತೆಯ ಪಾತ್ರೆಯಿಂದ ಬಡಿಸಿಕೊಂಡು ಕೂತರು. "ಈಗ ಉಣ್ಣು. ಪಂಕ್ತಿ ಒಂದೇ" ಎಂದರು.

ಅಂದಿನಿಂದ ಆ ಮನೆಗೆ ಉಪ್ಪು ಬರಲಿಲ್ಲ. ಉಪ್ಪಿನ ಮರಿಗೆ, ಮಿಡಿಯ ಭರಣಿ ನಮ್ಮ ಮನೆಗೆ ಬಂದವು. ನಾನು ಹೋದರೆ ನನಗೂ ಸಪ್ಪೆಯೇ. ಉಪ್ಪಿಲ್ಲದ ಮೆಣಸ್ಕಾಯಿ ತಿಂದಿದ್ದೀರಾ? ತಿನ್ನಬೇಡಿ. ಹೊಟ್ಟೆಬಾಕನೆಂದು ಹೆಸರು ತೆಗೆದುಕೊಂಡ ನಾನು ಊಟದ ಹೊತ್ತು ತಪ್ಪಿಸಿ ಆ ಮನೆಗೆ ಹೋಗುವುದನ್ನು ಕಲಿತೆ. ಹೊರಗೆ ಮಾವನ ಅಡಿಗೆ ಮಾತ್ರ ಹಾಗೆಯೇ ಇತ್ತು. ನಮ್ಮಲ್ಲಿ ನೈವೇದ್ಯ ಆಗುವ ಮೊದಲು ಅಡಿಗೆಯವರು ರುಚಿ ನೋಡುವ ಹಾಗಿಲ್ಲ. ಉಪ್ಪು ಕೈಯ ಅಂದಾಜಿನದ್ದು. ಊರಿಗೆಲ್ಲ ಹದವಾಗಿ ಉಪ್ಪು ಹಾಕಿ, ಕೊನೆಯ ಪಂಕ್ತಿಗೂ ಕೂರದೆ, ಮನೆಗೆ ಬಂದು ಸಪ್ಪೆ ಗಂಜಿ ಉಣ್ಣುತ್ತಿದ್ದರು. ಅತ್ತೆಯ ಕಾಲಿನ ಬಾವು ಇಳಿಯಿತು. ಒಂದು ಮಳೆಗಾಲ, ಇನ್ನೊಂದು ಮಳೆಗಾಲ ಚೆನ್ನಾಗಿಯೇ ಇದ್ದರು. ಅಜ್ಜನಿಗೆ ಅಣಬೆ ಹುಡುಕಲು ಇಬ್ಬರೂ ಗುಡ್ಡೆಗೆ ಹೋದದ್ದೂ ಉಂಟು.

ಆಮೇಲೆ ಬಾವು ಮತ್ತೆ ಏರಿತು. ಮಂಗಳೂರಿನಲ್ಲಿ ಡಯಾಲಿಸಿಸ್ ಎಂದರು, ವಾರಕ್ಕೆ ಎರಡು ಸಲ ಬಸ್ಸು. ಪಥ್ಯ ಶುರುವಿನಲ್ಲಿಯೇ ಹಿಡಿದಿದ್ದರೆ ಎಂದು ಡಾಕ್ಟರು ಮಾತು ಎತ್ತಿ, ಮಾವನ ಮುಖ ನೋಡಿ, ಅಲ್ಲಿಗೇ ಬಿಟ್ಟರು. ಅತ್ತೆ ಆಟಿ ತಿಂಗಳಿನ ಮಳೆಯಲ್ಲಿ ಹೋದರು. ಹನ್ನೊಂದನೆಯ ದಿನದ ಅಡಿಗೆಯನ್ನೂ ಮಾವನೇ ಮಾಡಿದರು, ಬೇರೆಯವರನ್ನು ಒಲೆಯ ಹತ್ತಿರ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಪಾತ್ರೆ ತೊಳೆಯುತ್ತ ನನ್ನನ್ನು ಕೇಳಿದರು: "ಆ ಸಣ್ಣದು ಮೊದಲೇ ಸತ್ತಿದ್ದರೆ ನನಗೆ ಬುದ್ಧಿ ಮೊದಲೇ ಬರುತ್ತಿತ್ತಾ?" ಅವರ ಕೈಯಿಂದ ಪಾತ್ರೆ ತೆಗೆದುಕೊಂಡು ನಾನು ತೊಳೆದೆ.

ಭಾನುವಾರದ ಪಾಯಸ ಹೇಗೋ ಮುಗಿಸಿದೆ. ಮರುದಿನ ರಜೆ ಹಾಕಿ ಮಾವನ ಮನೆಗೆ ಹೋದೆ, ಅದೂ ಊಟದ ಹೊತ್ತಿಗೆ ಸರಿಯಾಗಿ. ಮಾವ ಈಗ ಅಡಿಗೆಗೆ ಹೋಗುವುದಿಲ್ಲ, ಮಂಡಿ ಬಗ್ಗುವುದಿಲ್ಲ. ರಿಂಗಿನೊಳಗೆ ಅಜ್ಜ ಪಪ್ಪಾಯಿ ತಿನ್ನುತ್ತಿತ್ತು. ಬಾಯಿಯ ಸುತ್ತ ಕೆಂಪು ಮೆತ್ತಿಕೊಂಡು, ಯಾವ ಅವಸರವೂ ಇಲ್ಲದೆ. ಅದು ನಮ್ಮನ್ನೆಲ್ಲ ಕಳುಹಿಸಿ ಕೊಟ್ಟೇ ಹೋಗುವುದು ಎಂದೆ. "ಹೋಗಲಿ, ಅದಕ್ಕೆ ಬಾಗಿಲು ಉಂಟು" ಎಂದರು ಮಾವ.

ಮೇಜಿನ ಮೇಲೆ ಎರಡು ಎಲೆ ಹಾಕಿದರು. ಬಡಿಸಲಿಕ್ಕೆ ನಾನು ಏಳಹೋದರೆ ಕೂರಿಸಿದರು. ಒಂದು ಸಣ್ಣ ಡಬ್ಬಿ ತಂದು ನನ್ನ ಎಲೆಯ ತುದಿಗೆ ಉಪ್ಪು ಬಡಿಸಿದರು. ಆ ಮನೆಯಲ್ಲಿ ಉಪ್ಪು ಕಂಡು ಎಷ್ಟೋ ಕಾಲವಾಗಿತ್ತು. ನೆರೆಮನೆಯಿಂದ ತಂದಿಟ್ಟದ್ದಂತೆ, ನಾನು ಯಾವಾಗಲಾದರೂ ಊಟದ ಹೊತ್ತಿಗೆ ಬಂದರೆ ಎಂದು. ಸಾರು ಬಡಿಸಿದರು. ತಮ್ಮ ಎಲೆಗೆ ಉಪ್ಪು ಹಾಕಿಕೊಳ್ಳದೆ ಕಲಸತೊಡಗಿದರು.

"ನೀವು ಇನ್ನು ಯಾಕೆ ಮಾವ ಸಪ್ಪೆ ಉಣ್ಣುವುದು? ಅತ್ತೆ ಹೋಗಿ ಇಷ್ಟು ವರ್ಷ ಆಯಿತಲ್ಲ" ಎಂದೆ.

ಮಾವ ತುತ್ತು ನುಂಗಿ, ನೀರು ಕುಡಿದು, ನನ್ನನ್ನು ನೋಡದೆ ಹೇಳಿದರು: "ಮತ್ತೆ ಅವಳು ಒಬ್ಬಳೇ ಕೂತು ಉಣ್ಣುವುದಾ?"

ಮಜ್ಜಿಗೆ ಬರುವ ತನಕ ನಾನು ಎಲೆಯಿಂದ ತಲೆ ಎತ್ತಲಿಲ್ಲ.